ತೆರೆಯದೆ ಅಳೆದದ್ದು

ಬಟುಮಿಯ ಬಂದರಿನ ಹಿಂದೆ, ಹಳೆಯ ಸುಂಕದ ಕಟ್ಟಡದ ಎರಡನೇ ಮಹಡಿ.
ಒಂದೇ ಡಿಸ್ಕಿನೊಳಗೆ
ಅರವತ್ತೆರಡು ಸಾವಿರದ ನಾನೂರ ಹತ್ತು ಪಟಗಳು.
ವರ್ಲಾಮನ ಸ್ಟುಡಿಯೋ ಮುಚ್ಚಿದ ಮೇಲೆ
ಗಾಜಿನ ನೆಗೆಟಿವ್‌ಗಳನ್ನು ಬೆಳಕಿನ ಹಲಗೆಯ ಮೇಲಿಟ್ಟು
ಕ್ಯಾಮೆರಾದಲ್ಲಿ ಮರಳಿ ಹಿಡಿದವಳು ಲಮಾರಾ:
ಏಳು ಚಳಿಗಾಲ, ಒಂದೇ ಉಣ್ಣೆಯ ಶಾಲು.

ನನಗೆ ಕೊಟ್ಟ ಕೆಲಸ ಸಣ್ಣದು.
ಪ್ರತಿಯೊಂದರ ಅಗಲ, ಎತ್ತರ. ಅಷ್ಟೆ.
ಪುಟಕ್ಕೆ ಪಟ ಬಂದು ತಲುಪುವ ಮೊದಲೇ
ಅದರಷ್ಟೇ ಜಾಗ ಬಿಟ್ಟಿರಬೇಕು.
ಇಲ್ಲದಿದ್ದರೆ ತಡವಾಗಿ ಬಂದ ಒಬ್ಬರಿಗಾಗಿ
ಪಂಕ್ತಿಯಲ್ಲಿ ಕೂತವರೆಲ್ಲ ಎದ್ದು ಸರಿಯಬೇಕು.

ನನ್ನ ಮೊದಲ ಸ್ಕ್ರಿಪ್ಟು ಶುದ್ಧ ದಡ್ಡ.
ಒಂದೊಂದನ್ನೂ ಪೂರ್ತಿ ಬಿಚ್ಚಿತು:
ಟೊಪ್ಪಿಯ ನೆರಳು, ಗುಂಡಿಯ ಹೊಳಪು, ಮದುಮಗಳ ಕತ್ತಿನ ಬೆವರು,
ಕೋಟಿಗಟ್ಟಲೆ ಚುಕ್ಕೆ ಮಡಿಲಿಗೆ ಸುರಿದುಕೊಂಡು
ಎರಡು ಸಂಖ್ಯೆ ಬರೆದು
ಎಲ್ಲವನ್ನೂ ಚೆಲ್ಲಿ
ಮುಂದಿನದಕ್ಕೆ ಕೈಹಾಕಿತು.
ರಾತ್ರಿಯಿಡೀ ಲ್ಯಾಪ್‌ಟಾಪಿನ ಫ್ಯಾನು ಏದುಸಿರು ಬಿಟ್ಟಿತು.
ಬೆಳಗಾದಾಗ ಒಂಬತ್ತು ಸಾವಿರ.

ದೋಣಿಯಾಕಾರದ ಗಿಣ್ಣಿನ ರೊಟ್ಟಿಯ ಮೂಗು ಮುರಿಯುತ್ತ ಲಮಾರಾ ಅಂದಳು:
ಬಿಚ್ಚುವುದೇಕೆ, ನೆಸ್ಟಾನ್?
ಕತ್ತಲ ಕೋಣೆಯಲ್ಲಿ ನಾವು ಪೆಟ್ಟಿಗೆ ಬಿಚ್ಚುತ್ತಿರಲಿಲ್ಲ,
ಬೆಳಕು ತಗುಲಿದರೆ ಎಲ್ಲ ಹಾಳು.
ಅಂಚಿನಲ್ಲಿ ವರ್ಲಾಮ ಗೀರು ಕೊರೆದಿಡುತ್ತಿದ್ದ.
ಎರಡು ಗೀರು, ಒಂಬತ್ತು-ಹನ್ನೆರಡು.
ಮೂರು, ಹದಿಮೂರು-ಹದಿನೆಂಟು.
ಬೆರಳಿಗೆ ಗೊತ್ತಾಗುತ್ತಿತ್ತು.

ಹೌದಲ್ಲ. ಫೈಲಿಗೂ ಒಂದು ಅಂಚಿದೆ.
ಹೊಸ್ತಿಲಲ್ಲೇ ನಿಂತು ಮೊದಲ ಕೆಲವು ಬೈಟು ಓದಿದರೆ ಸಾಕು,
ಒಳಮನೆಗೆ ಹೋಗಬೇಕಿಲ್ಲ.
ಅಗಲ ಬರೆದಿಟ್ಟ ಗುರುತನ್ನು ಹುಡುಕಲು ಹೇಳಿದೆ,
ಮೊದಲು ಕಂಡಲ್ಲೇ ನಿಲ್ಲಲು ಹೇಳಿದೆ.

ಎರಡೇ ನಿಮಿಷ. ಎಲ್ಲ ಮುಗಿಯಿತು.
ಎಲ್ಲವೂ ನೂರ ಅರವತ್ತು, ನೂರ ಇಪ್ಪತ್ತು.
ಬಂದರಿನ ಕೂಲಿ, ಸರ್ಕಸ್ಸಿನ ಹುಡುಗಿ, ಎರಡು ಮಾರುದ್ದದ ಶಾಲೆಯ ಗುಂಪು,
ಎಲ್ಲರೂ ಬೆಂಕಿಪೊಟ್ಟಣದಷ್ಟು.

ಆಮೇಲೆ ತಿಳಿಯಿತು:
ಪ್ರತಿ ಪಟವೂ ಜೇಬಿನಲ್ಲಿ ತನ್ನದೇ ಒಂದು ಪುಟಾಣಿ ಪಟ ಇಟ್ಟುಕೊಂಡಿರುತ್ತದೆ.
ನಾನು ಜೇಬನ್ನೇ ಆಳೆಂದುಕೊಂಡಿದ್ದೆ.

ಹುಡುಕಬಾರದು, ದಾಟಬೇಕು.
ಪ್ರತಿ ತುಂಡೂ ತಲೆಯಲ್ಲೇ ತನ್ನ ಉದ್ದ ಹೇಳುತ್ತದೆ;
ಅದರ ಮಾತು ನಂಬಿ, ಅದರೊಳಗೆ ಇಣುಕದೆ,
ಅಷ್ಟೇ ದೂರ ಹಾರಬೇಕು, ಹೊಳೆಯ ಕಲ್ಲಿನಿಂದ ಕಲ್ಲಿಗೆ.
ನಾಲ್ಕನೆಯದೋ ಐದನೆಯದೋ ಕಲ್ಲು,
ಅಲ್ಲಿ ಎರಡು ಬೈಟು ಎತ್ತರ, ಎರಡು ಬೈಟು ಅಗಲ.
ತಿರುಗಿ ಬಾ.

ಈ ಸಲ ಮೂರು ನಿಮಿಷ. ಚಹಾದಲ್ಲಿ ಇನ್ನೂ ಹಬೆಯಿತ್ತು.
ಹನ್ನೊಂದು ಫೈಲು ಖಾಲಿ, ಹೆಸರು ಮಾತ್ರ.
ಮೂವತ್ತೊಂದರಲ್ಲಿ ಜನ ಅಡ್ಡಡ್ಡ ಮಲಗಿದ್ದರು,
ಅವರನ್ನು ಎಬ್ಬಿಸಿ ನಿಲ್ಲಿಸು ಎಂದು ಪಕ್ಕದಲ್ಲೊಂದು ಅಂಕಿ, ಆರು.
ಲಮಾರಾ ಕೆಮ್ಮಿದಳು. ಆ ವಾರ ಸ್ಟ್ಯಾಂಡು ಮುರಿದಿತ್ತು,
ಯಾರಿಗೂ ಹೇಳಬೇಡ.

ಅಂಕಿಗಳ ಪಟ್ಟಿ ಕೆಳಗಿಳಿಯುತ್ತಿತ್ತು.
ಅವಳು ಕನ್ನಡಕ ಒರೆಸಿ, ತಡೆದು ಕೇಳಿದಳು:
ಐವತ್ತೊಂದರ ಪೆಟ್ಟಿಗೆಯಲ್ಲಿ ನಾವಿಕರ ಟೊಪ್ಪಿಯ ಹುಡುಗನೊಬ್ಬನಿದ್ದ,
ಕಿವಿ ಸ್ವಲ್ಪ ದೊಡ್ಡದು. ಕಂಡನೇ?

ಇಲ್ಲ, ನಾನು ಯಾರ ಮುಖವನ್ನೂ ನೋಡಲಿಲ್ಲ.
ಆ ಪೆಟ್ಟಿಗೆಯಲ್ಲಿ ಎಲ್ಲವೂ ಎರಡು ಸಾವಿರದ ನಾನೂರು ಅಗಲ,
ಮೂರು ಸಾವಿರದ ಇನ್ನೂರು ಎತ್ತರ.
ಪುಟದಲ್ಲಿ ಅಷ್ಟೂ ಜಾಗ ಬಿಟ್ಟಿದ್ದೇನೆ.

ಬಿಳಿಯ ಖಾಲಿ ಚೌಕವನ್ನು ಅವಳು ಬಹಳ ಹೊತ್ತು ನೋಡಿದಳು.
ಕಿವಿಗೆ ಸಾಲುತ್ತದೆಯೇ? ಎಂದಳು.